‘ಮನೇಲಿ ನಂಬ್ತಾರೆ’ ಅಂದುಬಿಟ್ಟೆ

ಪ್ರಶ್ನೆ: ನನಗೆ 25. ಉಡುಪಿ ಕಡೆಯ ಕಥೊಲಿಕ್ ಮನೆಯವಳು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಊರಲ್ಲಿ ಸಂಜೆಯ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ, ಮುಗಿಯದೆ ಊಟವಿಲ್ಲ. ಇಲ್ಲಿನ ಗೆಳತಿಯರು ಒಳ್ಳೆಯವರು, ಆದರೆ ದೇವರ ಗೊಡವೆ ಇಲ್ಲ. ಮೊನ್ನೆ ಒಬ್ಬಳು, “ಇಷ್ಟು ಸೈನ್ಸ್ ಓದಿ ಇದನ್ನೆಲ್ಲ ನಿಜವಾಗ್ಲೂ ನಂಬ್ತೀಯಾ?” ಅಂದಳು. “ಮನೇಲಿ ನಂಬ್ತಾರೆ” ಅಂದುಬಿಟ್ಟೆ. ಅವತ್ತಿನಿಂದ ಚರ್ಚಿನ ಪೂಜೆಗೆ ಹೋಗುವುದೂ ನಾಟಕ ಅನ್ನಿಸುತ್ತಿದೆ. ಆಫೀಸಿನಲ್ಲಿ ಮಾಡದ ಗಂಟೆಗಳನ್ನೂ ಟೈಮ್‌ಶೀಟಿಗೆ, ಅಂದರೆ ಕೆಲಸದ ಗಂಟೆಗಳ ಲೆಕ್ಕಕ್ಕೆ, ಹಾಕಿಸುತ್ತಾರೆ, ಆ ಕಿರಿಕಿರಿ ಬೇರೆ. ಏನು ಮಾಡಲಿ?

ಉತ್ತರ: ಮೊದಲು ಪೂಜೆಯ ಮಾತು. ಸತ್ತ ಯೇಸು ಮತ್ತೆ ಎದ್ದು ಬಂದರು ಅಂದಾಗ ಅವರ ಶಿಷ್ಯ ಸಂತ ತೋಮರು “ಕಣ್ಣಾರೆ ಕಾಣದೆ ನಂಬಲ್ಲ” ಅಂದರು. ಉಳಿದ ಶಿಷ್ಯರು ಅವರನ್ನು ಹೊರಗೆ ಹಾಕಲಿಲ್ಲ, ತೋಮರೂ ಎದ್ದು ಹೋಗಲಿಲ್ಲ. ಎಂಟು ದಿನ ಕಳೆದ ಮೇಲೂ ಅವರ ಜೊತೆ ಅದೇ ಮನೆಯಲ್ಲಿದ್ದರು. ಯೇಸು ಬಂದದ್ದು ಅಲ್ಲಿಗೇ. ನೀವೂ ಅನುಮಾನ ಇಟ್ಟುಕೊಂಡೇ ಹೋಗಿ ಕೂತುಕೊಳ್ಳಿ.

ಸೈನ್ಸ್ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲೇ ಬರೆದ ಬೆಲ್ಜಿಯಂನ ಜಾರ್ಜ್ ಲಮೇತ್ರ್ ಕಥೊಲಿಕ್ ಪಾದ್ರಿ. ತಮ್ಮ ಲೆಕ್ಕಾಚಾರವನ್ನು ದೇವರಿಗೆ ಪುರಾವೆ ಮಾಡಿಕೊಳ್ಳುವುದು ಅವರಿಗೇ ಇಷ್ಟವಿರಲಿಲ್ಲ.

ನನ್ನ ಕಣ್ಣು ನಿಂತದ್ದು ನೀವು ಅವಸರದಲ್ಲಿ ಬರೆದ ಟೈಮ್‌ಶೀಟಿನ ಸಾಲಿನ ಮೇಲೆ. ಶುಕ್ರವಾರ ಸಂಜೆ ಅದನ್ನು ತುಂಬುವಾಗ, ಆರು ತಾಸು ಮಾಡಿದ ಕೆಲಸಕ್ಕೆ ಒಂಬತ್ತು ತಾಸು ಅಂತ ಹಾಕಲು ಬೆರಳು ತಡೆಯುತ್ತದೆ, ಅಲ್ವಾ? ಅಲ್ಲಿ ಅಪ್ಪ ಅಮ್ಮ ಇಲ್ಲ, ಫಾದರ್ ಇಲ್ಲ. ಆ ತಡೆ ನಿಮ್ಮದೇ. ಚೀಲದಲ್ಲಿ ಒಂದು ದೊಡ್ಡ, ಒಂದು ಚಿಕ್ಕ ತೂಕದ ಕಲ್ಲು ಇಟ್ಟುಕೊಳ್ಳಬೇಡ ಅನ್ನುತ್ತದೆ ಬೈಬಲಿನ ಧರ್ಮೋಪದೇಶಕಾಂಡ. ಸಂತೆಯಲ್ಲಿ ಕೊಳ್ಳಲು ಒಂದು, ಮಾರಲು ಒಂದು ಕಲ್ಲು ಇಡುತ್ತಿದ್ದ ವ್ಯಾಪಾರಿಗೆ ಹೇಳಿದ ಮಾತು. ಈಗಿನ ತಕ್ಕಡಿ ನಿಮ್ಮ ಲ್ಯಾಪ್‌ಟಾಪಿನಲ್ಲಿದೆ. ಆಚೆ ದೇಶದಲ್ಲಿ ಕೂತು ಆ ಗಂಟೆಗಳಿಗೆ ಹಣ ಕಟ್ಟುವ, ನೀವು ಮುಖವನ್ನೇ ನೋಡದ ಮನುಷ್ಯನೂ ನಿಮ್ಮ ನೆರೆಯವನೇ. ಕ್ರೈಸ್ತರ ಕಣ್ಣಿಂದ ಲೋಕ ನೋಡುವುದು ಅಂದರೆ ನನ್ನ ಮಟ್ಟಿಗೆ ಇಲ್ಲಿಂದ ಶುರು.

ಈ ವಾರ ಮಾಡಿದಷ್ಟೇ ಗಂಟೆ ಹಾಕಿ. ಟೀಮ್ ಲೀಡ್ ಕೇಳಿದರೆ ಜಗಳ ಬೇಡ, “ಇಷ್ಟೇ ಮಾಡಿದ್ದೀನಿ” ಅಂತ ಮೆತ್ತಗೆ ಹೇಳಿ. ಸ್ವಲ್ಪ ಕಷ್ಟ ಬರಬಹುದು, ಇಲ್ಲ ಅನ್ನುವುದಿಲ್ಲ. ನಂಬದ ಗೆಳತಿಯೂ ಇದನ್ನೇ ಮಾಡಬಹುದು, ನಿಮಗಿಂತ ಚೆನ್ನಾಗಿಯೇ ಮಾಡಬಹುದು. ಆಗ ಅವಳ ಜೊತೆ ನಿಲ್ಲಿ.

ರಾತ್ರಿ ಬೈಬಲಿನಲ್ಲಿ ಮಾರ್ಕನ ಶುಭಸಂದೇಶದ ಒಂದೊಂದು ಅಧ್ಯಾಯ ಓದಿ, ಒಟ್ಟು 16. ಒಂಬತ್ತನೆಯದರಲ್ಲಿ, ಕಾಯಿಲೆ ಬಿದ್ದ ಮಗನ ಅಪ್ಪ “ನಂಬುತ್ತೇನೆ, ನನ್ನ ಅಪನಂಬಿಕೆಗೆ ನೆರವಾಗು” ಅಂತ ಅಳುತ್ತಾನೆ. ನಿಮ್ಮ ಪ್ರಾರ್ಥನೆ ಸದ್ಯಕ್ಕೆ ಅಷ್ಟಿದ್ದರೂ ಸಾಕು.

ಆಮೇಲೆ ಗೆಳತಿಗೆ, “ಅವತ್ತು ಸರಿಯಾಗಿ ಉತ್ತರ ಕೊಡಲಿಲ್ಲ, ಇನ್ನೂ ಹುಡುಕ್ತಿದ್ದೀನಿ” ಅಂತ ಹೇಳಿ. ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ಅವಳನ್ನೂ ಊರಿಗೆ ಕರೆದುಕೊಂಡು ಹೋಗಿ. ಹೊಸ ಅಕ್ಕಿ ಊಟಕ್ಕೆ ಪಕ್ಕದಲ್ಲೇ ಕೂರಿಸಿಕೊಳ್ಳಿ. ಏನು ಕೇಳುತ್ತಾಳೋ ಕೇಳಲಿ.