ಸಾವರ್ಡೆಯ ಡಾಕ್ಟರಿಗೆ ‘ಸಂಕಟ’ ಅಂದರೆ ತಿಳಿಯುತ್ತದೆ

ಗೋವಾದ ಸರ್ಕಾರಿ ಆಸ್ಪತ್ರೆಗಳು ಅಷ್ಟು ಚೆನ್ನಾಗಿರುವಾಗ ನಿಮ್ಮ ಮಂದಿ ಒಬ್ಬ ವಯಸ್ಸಾದ ಡಾಕ್ಟರ ಬಾಗಿಲಲ್ಲಿ ಯಾಕೆ ಕಾಯುತ್ತಾರೆ ಎಂದು ಕೇಳಿದ್ದೀರಿ. ಬೆಂಗಳೂರಿನವರಿಗೆ ಹಾಗೆ ಅನಿಸುವುದು ಸಹಜ. ನಾನು ಖಾನಾಪುರ ತಾಲ್ಲೂಕಿನವನು, ದಕ್ಷಿಣ ಗೋವಾದ ಸಾವರ್ಡೆಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ನಮ್ಮವ್ವನಿಗೆ ಆದದ್ದನ್ನು ಹೇಳುತ್ತೇನೆ, ಉತ್ತರ ಅದರಲ್ಲೇ ಇದೆ.

ಒಂದು ಮಧ್ಯಾಹ್ನ ಅವ್ವನಿಗೆ ಮೈ ಸರಿಯಿರಲಿಲ್ಲ. ನಾನು ಕೆಲಸದ ಮೇಲಿದ್ದೆ. ನೆರೆಮನೆಯ ಹುಡುಗ ಒಂದು ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ಅವ್ವ ಹೇಳಿದ್ದು ಒಂದೇ ಮಾತು: “ಸಂಕಟ ಆಗಾಕತ್ತೈತ್ರಿ.” ಮರಾಠಿ ಬಲ್ಲವರ ಕಿವಿಗೆ ಸಂಕಟವೆಂದರೆ ಆಪತ್ತು, ಕಷ್ಟ. ಮನೆಯಲ್ಲೇನೋ ತೊಂದರೆ ಇರಬೇಕೆಂದು ಸಮಾಧಾನ ಹೇಳಿ, ನಿದ್ದೆಗೊಂದು ಗುಳಿಗೆ ಕೊಟ್ಟು ಕಳಿಸಿದರು. ನಮ್ಮ ಕಡೆ ಸಂಕಟವೆಂದರೆ ಎದೆಗೂ ಹೊಟ್ಟೆಗೂ ನಡುವೆ ಯಾರೋ ಕಿವುಚಿದ ಹಾಗೆ, ವಾಂತಿ ಬಂದೂ ಬಾರದ ಹಾಗೆ ಆಗುವುದು. ಸಂಜೆ ನಾನು ನಮ್ಮ ಡಾಕ್ಟರ ಹತ್ತಿರ ಕರೆತಂದೆ. ಆ ಮಾತು ಕೇಳಿದ್ದೇ ಅವರು ಕುರ್ಚಿಯಿಂದ ಎದ್ದರು. “ಯವ್ವಾ, ಬೆವರು ಬಂತೇನು? ದವಡಿ ಹಿಡದಂಗ ಆತೇನು? ಶುಗರ್ ಎಷ್ಟ್ ವರ್ಷದಿಂದ ಐತಿ?” ಇಸಿಜಿ ತೆಗೆದರು, ಆಸ್ಪಿರಿನ್ ಗುಳಿಗೆ ಅಗಿಯಲು ಕೊಟ್ಟರು, 108ಕ್ಕೆ ಫೋನ್ ಮಾಡಿದರು. ಸಕ್ಕರೆ ಕಾಯಿಲೆಯವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಹೃದಯಾಘಾತ ಎದೆನೋವಿಲ್ಲದೆ ಬರೀ ಸಂಕಟವಾಗಿಯೂ ಬರಬಹುದು ಎಂದು ನನಗೆ ತಿಳಿದದ್ದು ಅವತ್ತು. ಬಾಂಬೋಳಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಅವ್ವ ಉಳಿದಳು.

ಬಾಂಬೋಳಿಯ ಮೇಲೆ ನನಗೆ ಗೌರವವೇ ಇದೆ. 1842ರಲ್ಲಿ ಪೋರ್ಚುಗೀಸರ ಕಾಲದಲ್ಲಿ ಶುರುವಾದ ವೈದ್ಯಶಾಲೆಯೇ ಬೆಳೆದು ಆ ಕಾಲೇಜಾಗಿದೆ. ಆದರೆ ಅಲ್ಲಿಗೆ ಮುಟ್ಟುವ ಮೊದಲು ನೋವಿಗೊಂದು ಹೆಸರು ಬೇಕು, ಕೈಯಲ್ಲಿ ಕಾಗದ ಬೇಕು. 2018ರಿಂದ ಅಲ್ಲಿ ಹೊರರಾಜ್ಯದವರಿಗೆ ಶುಲ್ಕವಿದೆ. 2016ರಲ್ಲಿ ಬಂದ ಗೋವಾ ಸರ್ಕಾರದ ದೀನದಯಾಳ್ ಸ್ವಾಸ್ಥ್ಯ ಸೇವಾ ಯೋಜನೆಯ ವಿಮೆ ಸಿಗಬೇಕಾದರೆ ಗೋವಾದಲ್ಲಿ 5 ವರ್ಷ ವಾಸವಿರಬೇಕು. ಅದಕ್ಕೇ ಡಾಕ್ಟರು ನಾಡಿ ಹಿಡಿಯುತ್ತಲೇ “ಕಾರ್ಡ್ ಮಾಡಿಸೀಯೇನು?” ಅನ್ನುತ್ತಾರೆ. ಬಾಂಬೋಳಿಗೆ ಕಳಿಸುವಾಗ ಚೀಟಿಯ ಒಂದು ಬದಿ ಅಲ್ಲಿನ ವೈದ್ಯರಿಗೆ, ಇಂಗ್ಲಿಷಿನಲ್ಲಿ. ಇನ್ನೊಂದು ಬದಿ ನಮಗೆ, ದಪ್ಪ ಕನ್ನಡ ಅಕ್ಷರದಲ್ಲಿ: ಮಡಗಾಂವದಲ್ಲಿ ಯಾವ ಬಸ್ಸು ಹಿಡಿಯಬೇಕು, ಎಲ್ಲಿ ಇಳಿಯಬೇಕು, ಮೊದಲು ಯಾರನ್ನು ಕೇಳಬೇಕು.

ದವಾಖಾನೆ ಇರುವುದು ರೈಲು ನಿಲ್ದಾಣದ ಹತ್ತಿರ. ಲೋಂಡಾದಿಂದ ಘಟ್ಟ ಇಳಿದು ಕ್ಯಾಸಲ್‌ರಾಕ್, ಕುಳೆ ದಾಟಿ ಬರುವ ಗಾಡಿಯಿಂದ ನಮ್ಮ ಮಂದಿ ಇಲ್ಲೇ ಇಳಿಯುತ್ತಾರೆ. ಬೆಂಚಿನ ಮೇಲಿನ ಗೋವಾದ ಅಜ್ಜ “ದೊತೊರ್” ಎಂದು ಕರೆದರೆ ಡಾಕ್ಟರು ಕೊಂಕಣಿಯಲ್ಲಿ “ಕಿತೆಂ ಜಾಲೆಂ?” ಅನ್ನುತ್ತಾರೆ, ಪಕ್ಕದ ಬಾಗಲಕೋಟೆಯ ಹುಡುಗನಿಗೆ “ಏನಾತೋ ತಮ್ಮಾ?” ಇಲ್ಲಿ ನಮ್ಮನ್ನು ‘ಘಾಟಿ’, ಅಂದರೆ ಘಟ್ಟದ ಮೇಲಿನವರು, ಎಂದು ಹಂಗಿಸುವವರಿದ್ದಾರೆ, ಅದು ನೋಯುತ್ತದೆ. ಆ ಬೆಂಚಿನ ಮೇಲೆ ಮಾತ್ರ ಆ ಮಾತು ನಾನು ಕೇಳಿಲ್ಲ.

ಕಟ್ಟಡ ಕೆಲಸದವರಿಗೆ ಮಲೇರಿಯಾ ಕಾಡುತ್ತಿತ್ತು. ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾ ಲಿವರಿನಲ್ಲಿ ಅಡಗಿ ಕುಳಿತು ತಿಂಗಳುಗಳ ಮೇಲೆ ಮತ್ತೆ ಏಳುತ್ತದೆ, ಅದಕ್ಕೆ ಪ್ರೈಮಾಕ್ವಿನ್ ಗುಳಿಗೆ 14 ದಿನ ನುಂಗಬೇಕು. ಜ್ವರ ಮೂರನೇ ದಿನಕ್ಕೇ ಬಿಟ್ಟರೆ ಗುಳಿಗೆಯನ್ನೂ ಬಿಡುತ್ತಾರೆ. ಡಾಕ್ಟರು ಲಕೋಟೆಯ ಮೇಲೆ ಹದಿನಾಲ್ಕು ಗೀಟು ಎಳೆದು ಕೊಡುತ್ತಾರೆ. ದಿನಕ್ಕೊಂದು ಗೀಟನ್ನು ಹೊಡೆದುಹಾಕಿ, ಖಾಲಿ ಲಕೋಟೆ ತಂದು ತೋರಿಸಬೇಕು. ಹನ್ನೊಂದಕ್ಕೇ ನಿಂತ ಲಕೋಟೆ ಹಿಡಿದು ಅವರು ಕೆಲಸದವರ ತಗಡಿನ ಶೆಡ್‌ಗಳವರೆಗೂ ನಡೆದು ಹೋದದ್ದು ನೋಡಿದ್ದೇನೆ.

2012ರಲ್ಲಿ ಗೋವಾದ ಕಬ್ಬಿಣದ ಗಣಿ ನಿಂತಾಗ ಅದಿರಿನ ಟ್ರಕ್ಕುಗಳು ಸಾಲಾಗಿ ನಿಂತವು. ಆ ವರ್ಷ ಡಾಕ್ಟರು ಎಷ್ಟೋ ಮಂದಿಯ ಫೀ ಉದ್ರಿ ಬರೆದರು, ಕೇಳಲಿಲ್ಲ. ಮುಂದಿನ ಮಳೆಗಾಲದಲ್ಲಿ ಬಿಸಾಡಿದ ಟೈರುಗಳಲ್ಲಿ ನೀರು ತುಂಬಿತು. ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯಲು ಎಂಟು-ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ, ಭಾನುವಾರ, ಹುಡುಗರನ್ನು ಕಟ್ಟಿಕೊಂಡು ಟೈರು, ಡ್ರಮ್ಮು ಬೋರಲು ಹಾಕುತ್ತಾ ಓಣಿ ಸುತ್ತಿದರು. ಈಗಲೂ ಮಳೆಗಾಲದಲ್ಲಿ ಅದು ತಪ್ಪಿಲ್ಲ.

ಈ ವರ್ಷ ಅವರ ಮೊಣಕಾಲು ಸೋತಿದೆ. ಬೆಳಗಿನ ಹೊತ್ತು ಕೇಪೆ ಕಡೆಯ ಒಬ್ಬ ಹುಡುಗಿ, ಹೊಸ ಡಾಕ್ಟರು, ಕೂರುತ್ತಾಳೆ. ಮೇಜಿನ ಮೇಲೆ ಅವಳದೊಂದು ವಹಿ. ಅದರಲ್ಲಿ ದೇವನಾಗರಿಯಲ್ಲಿ ನಮ್ಮ ಮಾತುಗಳು: ಸಂಕಟ, ಜೋಮು, ಬ್ಯಾನಿ, ತಲಿ ಗಿರ್ ಅನ್ನೋದು. ಮೊನ್ನೆ ನನ್ನನ್ನು ಕರೆದು “ಕಾಕಾ, ನಂಜು ಅಂದ್ರೆ ಕಿತೆಂ?” ಎಂದಳು. ಪ್ಯಾಂಟು ಮೇಲೆತ್ತಿ, ಕಾಲಲ್ಲಿ ಹಳೆಯ ಮೊಳೆ ಚುಚ್ಚಿ ಕೀವಾಗಿ ಮಾದ ಗಾಯದ ಗುರುತು ತೋರಿಸಿದೆ. ಬಗ್ಗಿ ನೋಡಿ, ಬರೆದುಕೊಂಡಳು.