ಕೈ ಬರಿದು ಮಾಡಿಕೊಂಡ ಶ್ರೀಮಂತ

ಪ್ರಶ್ನೆ: ದೊಡ್ಡ ಕಂಪನಿಯೊಂದರ ಆಡಳಿತ ಹುದ್ದೆಯಿಂದ ಈಚೆಗೆ ನಿವೃತ್ತನಾಗಿದ್ದೇನೆ. ಉಳಿದ ಆಯುಷ್ಯವನ್ನು ದಾನದ ಕೆಲಸಕ್ಕೆ ಮೀಸಲಿಡಬೇಕೆಂಬ ಆಸೆಯಿದೆ. ಅಮೆರಿಕದ ಚಕ್ ಫೀನಿ ಎಂಬ ಉದ್ಯಮಿ ಬದುಕಿರುವಾಗಲೇ ತಮ್ಮ ಸಂಪತ್ತನ್ನೆಲ್ಲ ಕೊಟ್ಟುಬಿಟ್ಟರೆಂದು ಕೇಳಿದ್ದೇನೆ. ಅವರು ಇದನ್ನು ಹೇಗೆ ನಡೆಸಿದರು? ಚೆಕ್ ಬರೆದು ಕೊಡುವುದಕ್ಕಿಂತ ಹೆಚ್ಚಿನದೇನಾದರೂ ಅದರಲ್ಲಿತ್ತೇ?

ಉತ್ತರ: ಇತ್ತು. ಚೆಕ್ ಬರೆಯುವುದು ಅದರಲ್ಲಿ ಕಟ್ಟಕಡೆಯ ಕೆಲಸವಾಗಿತ್ತು. ಫೀನಿ ಹುಟ್ಟಿದ್ದು 1931ರಲ್ಲಿ, ನ್ಯೂಜೆರ್ಸಿಯ ಸಾಧಾರಣ ಐರಿಶ್ ಮೂಲದ ಕುಟುಂಬದಲ್ಲಿ. ವಾಯುಪಡೆಯಲ್ಲಿ ದುಡಿದವರಿಗೆ ಸರ್ಕಾರ ಕೊಡುತ್ತಿದ್ದ ನೆರವಿನಿಂದ ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದ ಅವರು, ಕೈಖರ್ಚಿಗೆಂದು ಸಹಪಾಠಿಗಳಿಗೆ ಸ್ಯಾಂಡ್‌ವಿಚ್ ಮಾರುತ್ತಿದ್ದರು. ಮುಂದೆ ಗೆಳೆಯ ರಾಬರ್ಟ್ ಮಿಲ್ಲರ್ ಜೊತೆ ಸೇರಿ 1960ರಲ್ಲಿ ಆರಂಭಿಸಿದ ‘ಡ್ಯೂಟಿ ಫ್ರೀ ಶಾಪರ್ಸ್’ ಹಾಂಗ್‌ಕಾಂಗ್ ಮತ್ತು ಹೊನೊಲುಲುಗಳಲ್ಲಿ ಬೇರೂರಿ, ವಿದೇಶ ಪ್ರವಾಸಕ್ಕೆ ಹೊರಟ ಜಪಾನೀಯರ ಕೊಳ್ಳುವಿಕೆಯಿಂದ ಊಹೆಗೂ ಮೀರಿ ಬೆಳೆಯಿತು. ಸುಂಕವಿಲ್ಲದ ಸರಕು ಮಾರಿ ಗಳಿಸಿದ ಹಣ ಕೊನೆಗೆ ಸಾರ್ವಜನಿಕರ ಆಸ್ಪತ್ರೆ, ವಿಶ್ವವಿದ್ಯಾಲಯಗಳಿಗೆ ಹೋಯಿತೆಂಬುದು ನನಗಂತೂ ಸೋಜಿಗವೆನಿಸುತ್ತದೆ.

1982ರಲ್ಲಿ ಅವರು ಬರ್ಮುಡಾದಲ್ಲಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿದರು. ಎರಡು ವರ್ಷಗಳ ನಂತರ ಕಂಪನಿಯಲ್ಲಿ ತಮಗಿದ್ದ ಪಾಲನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಅದಕ್ಕೆ ಬರೆದುಕೊಟ್ಟರು. ಇಲ್ಲಿಂದ ಮುಂದೆ ಅವರು ನಡೆದುಕೊಂಡ ರೀತಿಯನ್ನು ತಾವು ಗಮನಿಸಬೇಕು. ಅವರು ಅರ್ಜಿಗಳ ರಾಶಿಯ ಹಿಂದೆ ಕುಳಿತವರಲ್ಲ. ಅಗ್ಗದ ಕ್ಯಾಸಿಯೊ ಗಡಿಯಾರ ಕಟ್ಟಿಕೊಂಡು, ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು, ವಿಮಾನದ ಸಾಮಾನ್ಯ ದರ್ಜೆಯಲ್ಲಿ ಐರ್ಲೆಂಡ್, ವಿಯೆಟ್ನಾಂ, ಆಸ್ಟ್ರೇಲಿಯಾಗಳಿಗೆ ಹೋಗಿ, ಯಾರು ಕೆಲಸ ಮಾಡಬಲ್ಲರೆಂಬುದನ್ನು ಕಣ್ಣಾರೆ ಕಂಡು ನಿರ್ಧರಿಸುತ್ತಿದ್ದರು. ಚೌಕಾಸಿಯ ಬುದ್ಧಿಯನ್ನೂ ಅವರು ಬಿಡಲಿಲ್ಲ: ಐರ್ಲೆಂಡಿನ ವಿಶ್ವವಿದ್ಯಾಲಯಗಳ ಸಂಶೋಧನೆಗೆ ಹಣ ಕೊಡುವಾಗ, ಸರ್ಕಾರವೂ ತನ್ನ ಬೊಕ್ಕಸದಿಂದ ಸರಿಸಮನಾದ ಮೊತ್ತ ಹಾಕಬೇಕೆಂಬ ಷರತ್ತನ್ನು ಮುಂದಿಟ್ಟರು. ವ್ಯಾಪಾರಿಯಾಗಿ ಕಲಿತ ವಿದ್ಯೆ ದಾನದಲ್ಲಿ ಉಪಯೋಗಕ್ಕೆ ಬಂದದ್ದು ಇಂಥ ಕಡೆ.

ಆದರೆ ಅದೇ ವಿದ್ಯೆ ತೊಡಕೂ ಆಗಬಲ್ಲದು. ಅಧಿಕಾರದಲ್ಲಿದ್ದು ಬಂದವರು ತಮ್ಮ ನೆರವು ಪಡೆದ ಸಂಸ್ಥೆಯನ್ನು ತಮ್ಮದೇ ಕಂಪನಿಯ ಒಂದು ಶಾಖೆಯೆಂದು ಭಾವಿಸಿ, ಮೂರು ತಿಂಗಳಿಗೊಮ್ಮೆ ಲೆಕ್ಕ ಕೇಳುವುದುಂಟು. ಮಗು ಓದಲು ಕಲಿಯುವುದು ಮೂರು ತಿಂಗಳ ಲೆಕ್ಕಕ್ಕೆ ಸಿಗುವುದಿಲ್ಲ. ತಾವು ಮೊದಲು ಒಂದೆರಡು ವರ್ಷ, ಹಣದ ಮಾತೆತ್ತದೆ, ಯಾವುದಾದರೂ ಒಂದು ಸಂಸ್ಥೆಯ ಲೆಕ್ಕಪತ್ರ, ಖರೀದಿ, ನೇಮಕಾತಿಗಳಂಥ ಕೆಲಸದಲ್ಲಿ ನೆರವಾಗುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಸಣ್ಣ ಸಂಸ್ಥೆಗಳಲ್ಲಿ ಸೇವಾಭಾವಕ್ಕಿಂತ ಇವುಗಳಿಗೇ ಹೆಚ್ಚು ಬರ.

ಇನ್ನೊಂದು ಸಂಗತಿ ಅವಧಿಯದು. ಪ್ರತಿಷ್ಠಾನವನ್ನು ಶಾಶ್ವತವಾಗಿ ಉಳಿಸದೆ, ಇರುವುದನ್ನೆಲ್ಲ ಕೊಟ್ಟು ಮುಚ್ಚಬೇಕೆಂದು 2002ರಲ್ಲೇ ತೀರ್ಮಾನವಾಯಿತು. ಒಟ್ಟು ಸುಮಾರು 800 ಕೋಟಿ ಡಾಲರ್ ಹಂಚಿದ ಮೇಲೆ 2020ರ ಸೆಪ್ಟೆಂಬರಿನಲ್ಲಿ ಅದನ್ನು ವಿಸರ್ಜಿಸಲಾಯಿತು. ಇದನ್ನು ಒಪ್ಪದವರೂ ಇದ್ದಾರೆ. ವರ್ಷ ವರ್ಷ ಬರುತ್ತಿದ್ದ ಹಣ ನಿಂತರೆ ಅದನ್ನೇ ನಂಬಿದ ಸಂಸ್ಥೆಗಳ ಪಾಡೇನು ಎಂಬ ಅವರ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಇಲ್ಲಿ ಹದಿನೆಂಟು ವರ್ಷಗಳಷ್ಟು ಮುಂಚಿನ ಸೂಚನೆ ಇತ್ತು. ತಮ್ಮ ಮೊತ್ತ ಎಷ್ಟೇ ಚಿಕ್ಕದಿರಲಿ, ಎಷ್ಟು ವರ್ಷ ಕೊಡುತ್ತೀರೆಂಬುದನ್ನು ಮೊದಲ ದಿನವೇ ಬರವಣಿಗೆಯಲ್ಲಿ ತಿಳಿಸಿಬಿಡಿ.

ಪ್ರಶ್ನೆ: ಫೀನಿಯವರು ಹಲವು ವರ್ಷ ಗುಟ್ಟಾಗಿ ದಾನ ಮಾಡಿದರಂತೆ. ಒಳ್ಳೆಯ ಕೆಲಸಕ್ಕೆ ಗುಟ್ಟೇಕೆ?

ಉತ್ತರ: ಹೆಸರು ಹೊರಬಿದ್ದರೆ ಬಾಗಿಲ ಮುಂದೆ ಸಾಲು ಬೆಳೆಯುತ್ತದೆಂಬುದು ಒಂದು ಕಾರಣ, ಹೊಗಳಿಸಿಕೊಳ್ಳುವುದು ಅವರ ಜಾಯಮಾನಕ್ಕೆ ಒಗ್ಗುತ್ತಿರಲಿಲ್ಲವೆಂಬುದು ಇನ್ನೊಂದು. ಅಮೆರಿಕದಲ್ಲಿ ಪ್ರತಿಷ್ಠಾನಗಳು ತಮ್ಮ ವಿವರಗಳನ್ನು ಬಹಿರಂಗಪಡಿಸಬೇಕಾಗಿದ್ದುದರಿಂದಲೇ ಅವರು ಬರ್ಮುಡಾವನ್ನು ಆರಿಸಿಕೊಂಡರು. ಅದರಿಂದ ದಾನಕ್ಕೆ ಸಿಗಬೇಕಾದ ತೆರಿಗೆ ವಿನಾಯಿತಿಯನ್ನೂ ಕಳೆದುಕೊಂಡರು. ಹಣ ಪಡೆದವರು ಕೊಟ್ಟವರ ಹೆಸರೆತ್ತುವಂತಿರಲಿಲ್ಲ, ಕಟ್ಟಡಗಳ ಮೇಲೆ ಫಲಕ ಹಾಕುವಂತಿರಲಿಲ್ಲ. ಕಂಪನಿಯ ಮಾರಾಟದ ವ್ಯವಹಾರದಲ್ಲಿ ವಿಷಯ ಹೇಗೂ ಬಯಲಾಗುವುದೆಂದು ತಿಳಿದ ಮೇಲೆ, 1997ರಲ್ಲಿ ಅವರೇ ಅದನ್ನು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಗೆ ತಿಳಿಸಿದರು. ಅದಕ್ಕೂ ಮುಂಚೆ, 1988ರಲ್ಲಿ, ‘ಫೋರ್ಬ್ಸ್’ ಪತ್ರಿಕೆ ಅಮೆರಿಕದ ಅತಿ ಶ್ರೀಮಂತರ ಪಟ್ಟಿಯಲ್ಲಿ ಅವರ ಹೆಸರನ್ನು ಸೇರಿಸಿತ್ತು. ಆ ಹೊತ್ತಿಗೆ ಆ ಸಂಪತ್ತು ಅವರ ಕೈಬಿಟ್ಟು ನಾಲ್ಕು ವರ್ಷಗಳಾಗಿದ್ದವು. ಪಟ್ಟಿ ತಪ್ಪೆಂದು ಹೇಳಬೇಕಾದರೆ ಗುಟ್ಟು ಒಡೆಯಬೇಕಾಗುತ್ತಿತ್ತಾದ್ದರಿಂದ ಅವರು ಸುಮ್ಮನಿದ್ದುಬಿಟ್ಟರು.