ಟ್ರೇಸ್ ಹಚ್ಚಿದ್ದು ಒಂದು ಕಡೆ, ಆರಿಸಿದ್ದು ಇನ್ನೊಂದು ಕಡೆ

ವೆಬ್‌ಸ್ಫಿಯರ್‌ನಲ್ಲಿ ಟ್ರೇಸ್ ಲಾಗಿಂಗ್ (ಪ್ರೋಗ್ರಾಂನ ಪ್ರತಿ ಹೆಜ್ಜೆಯನ್ನೂ ಫೈಲ್‌ಗೆ ಬರೆಸುವುದು) ಆನ್ ಮಾಡಲು ಪ್ರಾಪರ್ಟೀಸ್ ಫೈಲ್ (ಸೆಟ್ಟಿಂಗ್‌ಗಳ ಫೈಲ್) ವಾಸಿಯೋ, ಸ್ಕ್ರಿಪ್ಟ್ ವಾಸಿಯೋ ಅಂತ ಕೇಳಿದ್ದೀರಿ. ಆನ್ ಮಾಡುವುದು ಯಾರಿಗೂ ಕಷ್ಟವಲ್ಲ ಮಾರಾಯ್ರೆ. ನಾನು ಸಿಕ್ಕಿಬಿದ್ದದ್ದು ಆಫ್ ಮಾಡುವಲ್ಲಿ. ನಂದು ಟಾಮ್‌ಕ್ಯಾಟ್, ನಿಮ್ಮದು ವೆಬ್‌ಸ್ಫಿಯರ್; ಎರಡೂ ಜಾವಾ ಪ್ರೋಗ್ರಾಂ ಓಡಿಸುವ ಸರ್ವರ್‌ಗಳು, ಕಾಯಿಲೆಯೂ ಒಂದೇ.

ಆಗ ನಾನು ಹಾಸನದಲ್ಲಿದ್ದೆ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್‌ನವರ (ಕಾಫಿ ಬೀಜದ ಸಿಪ್ಪೆ ತೆಗೆದು ಜರಡಿ ಹಿಡಿಯುವವರ) ವೇಬ್ರಿಡ್ಜ್ (ಲಾರಿ ತೂಗುವ ಯಂತ್ರ) ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದೆ. ತುಂಬಿದ ಲಾರಿಯ ತೂಕ, ಇಳಿಸಿದ ಮೇಲೆ ಖಾಲಿ ಲಾರಿಯ ತೂಕ, ಚೀಲದ ಲೆಕ್ಕ, ತೇವಾಂಶ, ಕೊನೆಗೆ ಒಂದು ಚೀಟಿ. ಜನವರಿ ತಿಂಗಳು, ಅರೇಬಿಕಾ ಮುಗಿಯುತ್ತಾ ಬಂದು ರೋಬಸ್ಟಾ ಕೊಯ್ಲು ಶುರುವಾಗುವ ಹೊತ್ತು. ದಿನಕ್ಕೆ ಒಂದೆರಡು ಚೀಟಿಯಲ್ಲಿ ಖಾಲಿ ಲಾರಿಯ ತೂಕ ಸೊನ್ನೆ ಅಂತ ಬರುತ್ತಿತ್ತು. ಅಂದರೆ ಲಾರಿಯ ಕಬ್ಬಿಣವೂ ಕಾಫಿಯ ಲೆಕ್ಕಕ್ಕೇ! ಬೆಳೆಗಾರರು ಸುಮ್ಮನಿದ್ದರು, ಮ್ಯಾನೇಜರ್ ಸುಮ್ಮನಿರಲಿಲ್ಲ.

ಲಾಗಿಂಗ್ ಪ್ರಾಪರ್ಟೀಸ್ ಫೈಲ್‌ನಲ್ಲಿ ನಮ್ಮ ಪ್ಯಾಕೇಜ್‌ಗೆ (ನಾವು ಬರೆದ ಕೋಡ್‌ಗೆ) ಮಾತ್ರ 'ಫೈನೆಸ್ಟ್', ಅಂದರೆ ಅತಿ ಸಣ್ಣ ವಿವರವೂ ಬರಲಿ, ಅಂತ ಹಾಕಿದೆ. ಬೇಕಾದ ಸಾಲು ಒಂದೂ ಬರಲಿಲ್ಲ. ಜಾವಾದ ಲಾಗಿಂಗ್‌ನಲ್ಲಿ ಎರಡು ಜರಡಿ ಇವೆ: ಒಂದು ಕೋಡ್‌ನಿಂದ ಸಾಲು ತೆಗೆದುಕೊಳ್ಳುವ ಲಾಗರ್‌ನದು, ಇನ್ನೊಂದು ಅದನ್ನು ಫೈಲ್‌ಗೆ ಇಳಿಸುವ ಹ್ಯಾಂಡ್ಲರ್‌ನದು. ಮೇಲಿನ ಜರಡಿಯ ಕಣ್ಣು ಎಷ್ಟೇ ದೊಡ್ಡದು ಮಾಡಿ, ಕೆಳಗಿನದು 'ಫೈನ್'ನಲ್ಲೇ ನಿಂತಿದ್ದರೆ ಅದಕ್ಕಿಂತ ಸಣ್ಣ ವಿವರ ಫೈಲ್‌ಗೆ ಇಳಿಯುವುದಿಲ್ಲ. ಕ್ಯೂರಿಂಗ್‌ನಲ್ಲಿ ದಿನಾ ಜರಡಿ ನೋಡುತ್ತಿದ್ದ ನನಗೆ ಇದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಸಿಟ್ಟಿನಲ್ಲಿ ರೂಟ್ ಲೆವೆಲ್‌ಗೇ (ಅಂದರೆ ಎಲ್ಲ ಕೋಡ್‌ಗೂ) 'ಆಲ್' ಹಾಕಿದೆ, ದಿನದ ಲಾಗ್, ಕನ್ಸೋಲ್ ಎರಡರ ಹ್ಯಾಂಡ್ಲರ್‌ಗೂ 'ಆಲ್' ಹಾಕಿದೆ.

ದೋಷವೇನೋ ಅರ್ಧ ಗಂಟೆಯಲ್ಲಿ ಸಿಕ್ಕಿತು. ತೂಕದ ಯಂತ್ರದಿಂದ ಸೀರಿಯಲ್ ಪೋರ್ಟ್‌ನಲ್ಲಿ ಬರುವ ಸಾಲು ಒಮ್ಮೊಮ್ಮೆ ಎರಡು ತುಂಡಾಗಿ ಬರುತ್ತಿತ್ತು. ನಮ್ಮ ಕೋಡ್ ಮೊದಲ ತುಂಡನ್ನೇ ಪೂರ್ತಿ ಸಾಲು ಅಂದುಕೊಳ್ಳುತ್ತಿತ್ತು. ಸರಿಮಾಡಿ, ಟ್ರೇಸ್ ಆಫ್ ಮಾಡಿ, ಬಸ್ ಹತ್ತಿದೆ.

ಈಗ ತಪ್ಪಿಗೆ ಬರುತ್ತೇನೆ. 'ಆಲ್' ಅನ್ನು ನಾನು ಬರೆದದ್ದು ಸರ್ವರ್‌ನ ಫೈಲ್‌ನಲ್ಲಿ ಅಲ್ಲ, ಸರ್ವರ್‌ಗೆ ಕಳಿಸುವ ಫೈಲ್‌ಗಳನ್ನು ಇಡುವ ನಮ್ಮ ಡಿಪ್ಲಾಯ್ ಫೋಲ್ಡರ್‌ನಲ್ಲಿದ್ದ ಮೂಲ ಫೈಲ್‌ನಲ್ಲಿ. ನಾನೇ ಬರೆದ ಒಂದು ಶೆಲ್ ಸ್ಕ್ರಿಪ್ಟ್ ಆ ಫೋಲ್ಡರ್‌ನಿಂದ ಸರ್ವರ್‌ನ ಕಾನ್ಫ್ (ಕಾನ್ಫಿಗರೇಶನ್) ಫೋಲ್ಡರ್‌ಗೆ ಕಾಪಿ ಮಾಡಿ ಟಾಮ್‌ಕ್ಯಾಟ್ ರೀಸ್ಟಾರ್ಟ್ ಮಾಡುತ್ತಿತ್ತು. ಆನ್ ಮಾಡಿದ್ದು ಹಾಗೆ. ಆಫ್ ಮಾಡುವಾಗ ಬಸ್ಸಿಗೆ ಹೊತ್ತಾಗಿತ್ತು. ಸೀದಾ ಸರ್ವರ್‌ಗೆ ಹೋಗಿ ಕಾನ್ಫ್‌ನಲ್ಲಿದ್ದ ಫೈಲ್ ಅನ್ನು ಕೈಯಲ್ಲೇ ತಿದ್ದಿ ರೀಸ್ಟಾರ್ಟ್ ಮಾಡಿದೆ. ಲಾಗ್ ಸುಮ್ಮನಾಯಿತು, ಕಣ್ಣಾರೆ ನೋಡಿದೆ. ಮೂಲ ಫೈಲ್‌ನಲ್ಲಿ 'ಆಲ್' ಹಾಗೇ ಕೂತಿತ್ತು. ಅದೇ ಸ್ಕ್ರಿಪ್ಟ್ ಅನ್ನು ಪ್ರತಿ ಶನಿವಾರ ರಾತ್ರಿ ಓಡಲಿ ಅಂತ ಕ್ರಾನ್‌ಗೆ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ವ್ಯವಸ್ಥೆಗೆ) ಹಾಕಿದ್ದೂ ನಾನೇ, ಮರೆತದ್ದೂ ನಾನೇ. ಶನಿವಾರ ರಾತ್ರಿ ಸ್ಕ್ರಿಪ್ಟ್ ತನ್ನ ಕೆಲಸ ತಾನು ಮಾಡಿತು. ಭಾನುವಾರ ಪೂರ್ತಿ ಪ್ರತಿ ಸಾಲೂ ದಿನದ ಲಾಗ್‌ಗೆ ಒಮ್ಮೆ, ಟಾಮ್‌ಕ್ಯಾಟ್‌ನ ಕನ್ಸೋಲ್ ಸಾಲುಗಳು ಬೀಳುವ ಕ್ಯಾಟಲೀನಾ ಔಟ್ ಫೈಲ್‌ಗೆ ಇನ್ನೊಮ್ಮೆ. ಕ್ಯಾಟಲೀನಾ ಔಟ್ ತಾನಾಗಿ ಸುತ್ತುವ (ತುಂಬಿದಾಗ ಹಳೆಯದನ್ನು ಬಿಟ್ಟು ಹೊಸದಾಗಿ ಶುರುವಾಗುವ) ಫೈಲ್ ಅಲ್ಲ, ಬೆಳೆಯುತ್ತಲೇ ಹೋಗುತ್ತದೆ.

ಸೋಮವಾರ ಬೆಳಗ್ಗೆ ಫೋನು. "ಸಾರ್, ಚೀಟಿ ಬರ್ತಿಲ್ಲ. ಗೇಟಿನಿಂದ ಆಚೆಗೂ ಲಾರಿ ನಿಂತವೆ." ಬೇಲೂರು ದಾಟುವಷ್ಟರಲ್ಲಿ ಮೂರು ಫೋನು. ಹೋಗಿ ನೋಡಿದರೆ ಡಿಸ್ಕ್ 100%. ಗಾಬರಿಯಲ್ಲಿ ಇನ್ನೊಂದು ಪೆದ್ದುತನ: ಕ್ಯಾಟಲೀನಾ ಔಟ್ ಅನ್ನೇ ಡಿಲೀಟ್ ಮಾಡಿದೆ. ಆದರೂ 100%. ಟಾಮ್‌ಕ್ಯಾಟ್ ಆ ಫೈಲ್ ಅನ್ನು ತೆರೆದು ಹಿಡಿದಿರುವವರೆಗೆ ಹೆಸರು ಹೋಗುತ್ತದೆ, ಜಾಗ ಬಿಡುವುದಿಲ್ಲ. ಅಳಿಸದೆ, ಒಳಗಿನದ್ದನ್ನು ಖಾಲಿ ಮಾಡಿದ್ದರೆ ಆ ಕ್ಷಣವೇ ಜಾಗ ಸಿಗುತ್ತಿತ್ತು. ಹೊರಗೆ ಎಸ್ಟೇಟ್ ರೈಟರ್ (ತೋಟದ ಗುಮಾಸ್ತ) ಒಬ್ಬರು ಕಾರ್ಬನ್ ಹಾಳೆ ಇಟ್ಟು ಚೀಟಿ ಬರೆಯುತ್ತಿದ್ದರು. ಆ ಚೀಟಿಗಳನ್ನು ರಾತ್ರಿ ಕೂತು ಎಂಟ್ರಿ ಮಾಡಿದ್ದು ನಾನು.

ಈಗ ನಿಮ್ಮ ವೆಬ್‌ಸ್ಫಿಯರ್. ಮುಂದೆ ಬೆಂಗಳೂರಿನ ಕೆಲಸದಲ್ಲಿ ಅದನ್ನೂ ಮೇಯಿಸಿದ್ದೇನೆ. ಫೈಲ್ ಅಥವಾ ಸ್ಕ್ರಿಪ್ಟ್ ಅಂತ ನೀವು ಭಾಗ ಮಾಡಿದ್ದೇ ತಪ್ಪು ಅನ್ನುತ್ತೇನೆ. ಭಾಗ ಇರುವುದು ಓಡುತ್ತಿರುವ ಸರ್ವರ್‌ಗೂ ಉಳಿಸಿಟ್ಟ ಕಾನ್ಫಿಗರೇಶನ್‌ಗೂ ನಡುವೆ. ಪ್ರಾಪರ್ಟೀಸ್ ಫೈಲ್ ಕೊಟ್ಟು ಅಪ್ಲೈ ಮಾಡಿ ಸೇವ್ ಮಾಡಿದರೆ ಬದಲಾಗುವುದು ಸ್ಟಾರ್ಟ್‌ಅಪ್ ಟ್ರೇಸ್ ಸ್ಪೆಸಿಫಿಕೇಶನ್, ಅಂದರೆ ಏನೇನು ಬರೆಯಬೇಕು ಅಂತ ಸರ್ವರ್ ಏಳುವಾಗ ಓದುವ ಸೂಚನೆ. ಅದು ಜಾರಿಗೆ ಬರುವುದು ಮುಂದಿನ ಸಲ ಸರ್ವರ್ ಎದ್ದಾಗ, ಆಮೇಲೆ ಪ್ರತಿ ಸಲವೂ. ವೆಬ್‌ಸ್ಫಿಯರ್‌ನ ಸ್ಕ್ರಿಪ್ಟ್ ಸಾಧನ ಡಬ್ಲ್ಯುಎಸ್‌ಅಡ್ಮಿನ್‌ನಲ್ಲಿ ಅಡ್ಮಿನ್‌ಕಂಟ್ರೋಲ್ ಮೂಲಕ ಟ್ರೇಸ್‌ಸರ್ವಿಸ್ ಎಂಬೀನ್‌ನ (ಓಡುತ್ತಿರುವ ಸರ್ವರ್‌ನಲ್ಲಿ ಟ್ರೇಸ್ ನೋಡಿಕೊಳ್ಳುವ ಭಾಗದ) ಸ್ಪೆಸಿಫಿಕೇಶನ್ ಬದಲಿಸಿದರೆ ತಕ್ಷಣ ಜಾರಿ, ರೀಸ್ಟಾರ್ಟ್ ಆದರೆ ಮಾಯ. ಆ ಮಾಯವಾಗುವ ಗುಣವೇ ನಿಮ್ಮನ್ನು ಕಾಯುವುದು. ಸರ್ವರ್ ಏಳುವಾಗಲೇ ಬರುವ ದೋಷವಲ್ಲದಿದ್ದರೆ ಸ್ಟಾರ್ಟ್‌ಅಪ್‌ನದನ್ನು ಮುಟ್ಟಲೇಬೇಡಿ.

ಜೈಥಾನ್ (ಜಾವಾ ಮೇಲೆ ಓಡುವ ಪೈಥಾನ್) ಸ್ಕ್ರಿಪ್ಟ್ ಬರೆಯಿರಿ: ಮೊದಲು ಹಳೆಯ ಸ್ಪೆಸಿಫಿಕೇಶನ್ ಅನ್ನು ಓದಿ ಇಟ್ಟುಕೊಳ್ಳಲಿ, '*=ಇನ್ಫೋ' (ಉಳಿದ ಎಲ್ಲಕ್ಕೂ ಮಾಮೂಲಿ ಮಟ್ಟ) ಜೊತೆಗೆ ನಿಮ್ಮ ಪ್ಯಾಕೇಜ್‌ಗೆ ಮಾತ್ರ 'ಆಲ್' ಹಾಕಲಿ, 20 ನಿಮಿಷ ಕಾದು ಹಳೆಯದನ್ನೇ ವಾಪಸ್ ಇಡಲಿ. ವಾಪಸ್ ಇಡುವ ಸಾಲು 'ಫೈನಲಿ' ಒಳಗೇ ಇರಲಿ, ನಡುವೆ ಎಡವಟ್ಟಾದರೂ ಓಡುವ ಹಾಗೆ. ವೆಬ್‌ಸ್ಫಿಯರ್‌ನ ಟ್ರೇಸ್ ಫೈಲ್ ನಿಗದಿ ಗಾತ್ರ ಮುಟ್ಟಿದರೆ ತಾನೇ ಸುತ್ತುತ್ತದೆ, ನನ್ನ ಹಾಗೆ ಡಿಸ್ಕ್ ತುಂಬಲಾರದು ಅಂತ '*=ಆಲ್' ಹಾಕಬೇಡಿ. ಹಾಗೆ ಹಾಕಿದರೆ ನಿಮಗೆ ಬೇಕಾದ ಸಾಲೇ ಸುತ್ತಿನಲ್ಲಿ ಕೊಚ್ಚಿಹೋಗಿರುತ್ತದೆ.

ಈಗಾಗಲೇ ಪ್ರಾಪರ್ಟೀಸ್ ಫೈಲ್ ಅಪ್ಲೈ ಮಾಡಿದ್ದೀರಿ ಅಂತಲೂ ಬರೆದಿದ್ದೀರಿ. ಹಾಗಿದ್ದರೆ ಇವತ್ತೇ, ಜನ ಕಡಿಮೆ ಇರುವ ಹೊತ್ತಲ್ಲಿ, ಬೇಕಂತಲೇ ಒಮ್ಮೆ ರೀಸ್ಟಾರ್ಟ್ ಮಾಡಿ ಟ್ರೇಸ್ ಫೈಲ್ ಬೆಳೆಯುತ್ತಿದೆಯೇ ನೋಡಿ. ನಾನು ಆ ರೀಸ್ಟಾರ್ಟ್ ಅನ್ನು ಕ್ರಾನ್‌ಗೆ ಬಿಟ್ಟಿದ್ದೆ.